ಹನ್ನೆರಡು ಹಡಗು ಹೋದವು, ಒಬ್ಬ ಬಂದ

ಇನ್ನೂ ಬೆಳಕು ಹರಿದಿಲ್ಲ. ಇಥಾಕಾ ಎಂಬ ಗ್ರೀಕ್ ದ್ವೀಪದ ಒಡೆಯನ ಮನೆಯಲ್ಲಿ ಹನ್ನೆರಡು ಮಂದಿ ಹೆಂಗಸರು ಹಿಟ್ಟು ಬೀಸುವ ಕೆಲಸಕ್ಕಿದ್ದಾರೆ. ಹನ್ನೊಂದು ಮಂದಿ ತಮ್ಮ ಪಾಲಿನ ಕಾಳು ಮುಗಿಸಿ ಬಿದ್ದುಕೊಂಡಿದ್ದಾರೆ. ಒಬ್ಬಳದು ಮಾತ್ರ ಮುಗಿದಿಲ್ಲ. ಯಾಕೆ ಅಂದರೆ ಆಕೆ ಎಲ್ಲರಿಗಿಂತ ನಿತ್ರಾಣಿ. ಆಗ ಮೋಡವೇ ಇಲ್ಲದ ಆಕಾಶದಲ್ಲಿ ಗುಡುಗುತ್ತದೆ. ಆಕೆ ಕಲ್ಲು ನಿಲ್ಲಿಸಿ ದೇವರನ್ನು ಕೇಳಿಕೊಳ್ಳುತ್ತಾಳೆ: ಈ ಮನೆಯಲ್ಲಿ ಕೂತು ತಿನ್ನುತ್ತಿರುವ ಈ ಗಂಡಸರಿಗೆ ಇವತ್ತಿನದೇ ಕೊನೆಯ ಊಟವಾಗಲಿ, ಇವರಿಗೆ ಹಿಟ್ಟು ಬೀಸಿ ಬೀಸಿ ನನ್ನ ಮೊಣಕಾಲು ಬಿದ್ದುಹೋಗಿದೆ.

ಮೊಗಸಾಲೆಯಲ್ಲಿ ಭಿಕ್ಷುಕನ ವೇಷದಲ್ಲಿದ್ದ ಒಡೆಯ ಇದನ್ನು ಕೇಳಿಸಿಕೊಂಡು ಹಿಗ್ಗುತ್ತಾನೆ. ಅವನು ಆಗಷ್ಟೇ ದೇವರಲ್ಲಿ ಒಂದು ಶಕುನ ಬೇಡಿದ್ದ. ಶಕುನ ಸಿಕ್ಕಿತು. ಕತೆ ಮುಂದಕ್ಕೆ ಹೋಯಿತು. ಬೀಸುವವಳು ಮತ್ತೆ ಬರುವುದಿಲ್ಲ. ಆಕೆಗೆ ಹೆಸರೂ ಇಲ್ಲ.

ಇದು ಹೋಮರನದೆಂದು ಹೇಳುವ 'ಒಡಿಸ್ಸಿ' ಮಹಾಕಾವ್ಯದ ಇಪ್ಪತ್ತನೆಯ ಸರ್ಗ. ಸುಮಾರು ೧೨,೦೦೦ ಸಾಲುಗಳ ಕಾವ್ಯದಲ್ಲಿ ಆಕೆಗೆ ಸಿಕ್ಕಿದ್ದು ಹದಿನೈದಿಪ್ಪತ್ತು ಸಾಲು. ಆ ಹದಿನೈದಿಪ್ಪತ್ತು ಸಾಲು ಹಿಡಿದುಕೊಂಡು ಉಳಿದ ಹನ್ನೆರಡು ಸಾವಿರವನ್ನು ಓದಿದರೆ ಏನು ಕಾಣುತ್ತದೆ ಎಂಬುದೇ ಈ ಬರಹ.

*

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾವೇ ಮೊದಲು. ತರಗತಿಯಲ್ಲಿ ಒಡಿಸ್ಯೂಸ್ ಬಂದದ್ದು ಒಂದೇ ಪೀರಿಯಡ್ಡಿಗೆ. ಧೀರ, ಚತುರ, ಹತ್ತು ವರ್ಷ ಟ್ರಾಯ್ ನಗರದ ಮುಂದೆ ಕಾದಾಡಿದವ, ಇನ್ನೂ ಹತ್ತು ವರ್ಷ ಕಡಲಲ್ಲಿ ಅಲೆದು ಮಡದಿ ಪೆನೆಲೊಪಿಯ ಬಳಿಗೆ ಮರಳಿದವ. ನೋಟ್ಸು ಬರೆದುಕೊಂಡೆವು, ಪರೀಕ್ಷೆಯಲ್ಲಿ ಬರೆದೆವು, ಮಾರ್ಕ್ಸೂ ಬಂತು. ಆಮೇಲೆ ಲೈಬ್ರರಿಯಲ್ಲಿ ಇಡೀ ಅನುವಾದ ಹಿಡಿದು ಕೂತಾಗ ಬೀಸುವವಳು ಸಿಕ್ಕಳು. ಗೌಡರ ಮನೆಯ ರಾಗಿ ಬೀಸಿದ ಅಜ್ಜಿಯ ಮೊಮ್ಮಕ್ಕಳು ನಾವು. ಅಲ್ಲಿಂದ ಮುಂದಕ್ಕೆ ಪುಟ ತಿರುವಲು ಸುಲಭವಾಗಿ ಆಗಲಿಲ್ಲ.

ಕಾವ್ಯ ಈಗಿನ ರೂಪಕ್ಕೆ ಬಂದದ್ದು ಕ್ರಿ. ಪೂ. ೮ನೆಯ ಶತಮಾನದ ಕೊನೆ ಅಥವಾ ೭ನೆಯದರ ಮೊದಲ ಭಾಗದಲ್ಲಿ ಎಂದು ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಇಪ್ಪತ್ತನಾಲ್ಕು ಸರ್ಗ. ಎಲ್ಲರಿಗೂ ಗೊತ್ತಿರುವ ಒಕ್ಕಣ್ಣಿನ ರಾಕ್ಷಸ, ಗಂಡಸರನ್ನು ಹಂದಿ ಮಾಡುವ ಸರ್ಸಿ, ಹಾಡಿ ಕೊಲ್ಲುವ ಸೈರನ್ನರು, ಇವೆಲ್ಲ ಬರುವುದು ಒಂಬತ್ತರಿಂದ ಹನ್ನೆರಡನೆಯ ಸರ್ಗದವರೆಗೆ, ಬರೀ ನಾಲ್ಕು ಸರ್ಗದಲ್ಲಿ. ಅದನ್ನು ಹೇಳುವವನು ಕವಿಯಲ್ಲ. ಫಿಯೇಷಿಯಾ ಎಂಬ ನಾಡಿನ ದೊರೆಯ ಹಜಾರದಲ್ಲಿ ಊಟ ಮುಗಿಸಿ ಕೂತು ಸ್ವತಃ ಒಡಿಸ್ಯೂಸನೇ ಹೇಳುತ್ತಾನೆ. ಅವನು ಹೇಳುವಾಗ ಜೊತೆಗೆ ಹೋದವರಲ್ಲಿ ಒಬ್ಬನೂ ಬದುಕಿಲ್ಲ. 'ಅದು ಹಂಗಲ್ಲ, ಹಿಂಗೆ' ಅನ್ನುವವರು ಯಾರೂ ಇಲ್ಲ. ಹಡಗಿನವರೆಲ್ಲ ಸತ್ತ ಮೇಲೆ ಹಡಗಿನ ಯಜಮಾನ ಕೊಟ್ಟ ಹೇಳಿಕೆ ಅದು. ನಾಲ್ಕು ಸರ್ಗಗಳನ್ನು ಓದುವಾಗ ಇದನ್ನು ಮರೆಯಬಾರದು.

ಹಂಗಿದ್ದರೂ ಅವನ ಬಾಯಿಂದಲೇ ಲೆಕ್ಕ ಸಿಗುತ್ತದೆ. ಕೂಡಿಸಿ ನೋಡೋಣ.

ಟ್ರಾಯ್ ಯುದ್ಧಕ್ಕೆ ಅವನು ತೆಗೆದುಕೊಂಡು ಹೋದದ್ದು ಹನ್ನೆರಡು ಹಡಗು. ಒಂದೊಂದರಲ್ಲೂ ಹುಟ್ಟು ಹಾಕುವ ಹತ್ತಾರು ಗಂಡಸರು. ಎಷ್ಟು ಕಡಿಮೆ ಹಿಡಿದರೂ ಒಟ್ಟು ಐನೂರು ಜನಕ್ಕೆ ಮೋಸವಿಲ್ಲ. ಟ್ರಾಯ್ ಸುಟ್ಟ ಮೇಲೆ ಹೊರಟ ಹಡಗುಗಳು ಮೊದಲು ನಿಂತದ್ದು ಸಿಕೋನಿಯನ್ನರ ಊರಾದ ಇಸ್ಮಾರಸ್‌ನಲ್ಲಿ. ಊರನ್ನು ಲೂಟಿ ಮಾಡಿ, ಗಂಡಸರನ್ನು ಕೊಂದು, ಹೆಂಗಸರನ್ನೂ ಸೊತ್ತನ್ನೂ ಹಂಚಿಕೊಂಡರು. ಇದನ್ನು ಒಡಿಸ್ಯೂಸ್ ಸಂತೆಗೆ ಹೋಗಿ ಬಂದ ಹಾಗೆ ಹೇಳುತ್ತಾನೆ. ಒಳನಾಡಿನ ಸಿಕೋನಿಯನ್ನರು ಬಂದು ತಿರುಗಿಬಿದ್ದಾಗ ಹಡಗಿಗೆ ಆರು ಮಂದಿಯಂತೆ ಸತ್ತರು. ಹನ್ನೆರಡು ಆರಲಿ ಎಪ್ಪತ್ತೆರಡು.

ಆಮೇಲೆ ಒಕ್ಕಣ್ಣಿನ ಪಾಲಿಫೀಮಸ್. ಗವಿಯೊಳಗೆ ಹೋದ ಜೊತೆಗಾರರು, ಗಿಣ್ಣು ಎತ್ತಿಕೊಂಡು ಹೋಗಿಬಿಡೋಣ ಅಂತ ಬೇಡಿಕೊಂಡರು. ಯಜಮಾನ ಕೇಳಲಿಲ್ಲ. ಗವಿಯವನು ಕೊಡುವ ಉಡುಗೊರೆ ನೋಡಬೇಕಿತ್ತು ಅವನಿಗೆ. ಆರು ಮಂದಿಯನ್ನು ಗವಿಯವನು ತಿಂದ.

ಗಾಳಿಯ ಒಡೆಯ ಈಯೊಲಸ್ ಬಿರುಗಾಳಿಗಳನ್ನು ಚೀಲದಲ್ಲಿ ಕಟ್ಟಿ ಕೊಟ್ಟ. ಇಥಾಕಾದ ಒಲೆಯ ಹೊಗೆ ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದಾಗ ಒಡಿಸ್ಯೂಸನಿಗೆ ನಿದ್ದೆ ಹತ್ತಿತು. ಹುಟ್ಟು ಹಾಕುವವರು ಚೀಲ ಬಿಚ್ಚಿದರು. ಪಠ್ಯದಲ್ಲಿ ಇದನ್ನು ಮೂರ್ಖರ ದುರಾಸೆ ಅಂತ ಕಲಿಸುತ್ತಾರೆ. ಆದರೆ ಅವರು ಆಡಿಕೊಂಡ ಮಾತೇನು? ಇವನು ಟ್ರಾಯ್‌ನಿಂದ ಹೇರಿಕೊಂಡು ಬರುತ್ತಿದ್ದಾನೆ, ಇಷ್ಟೇ ದಾರಿ ನಡೆದ ನಾವು ಬರಿಗೈಯಲ್ಲಿ ಮನೆಗೆ ಹೋಗುತ್ತಿದ್ದೇವೆ. ಇದು ದುರಾಸೆಯೋ, ಕೂಲಿಯ ಪ್ರಶ್ನೆಯೋ? ಚೀಲದಲ್ಲಿ ಏನಿದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಮುಂದೆ ಲೆಸ್ಟ್ರಿಗೋನಿಯನ್ನರ ಬಂದರು. ಹನ್ನೊಂದು ಹಡಗು ಬಂದರಿನ ಒಳಗೆ ಒತ್ತೊತ್ತಾಗಿ ಕಟ್ಟಿ ನಿಂತವು. ಒಡಿಸ್ಯೂಸ್ ತನ್ನದೊಂದನ್ನು ಹೊರಗೆ ಕಟ್ಟಿದ್ದ. ಒಳಗಿದ್ದವರ ಮೇಲೆ ಮೇಲಿನಿಂದ ಬಂಡೆ ಬಿದ್ದವು, ಜನರನ್ನು ಮೀನು ಚುಚ್ಚಿದ ಹಾಗೆ ಚುಚ್ಚಿ ಎತ್ತಿಕೊಂಡು ಹೋದರು. ಇವನು ಹಗ್ಗ ಕತ್ತರಿಸಿ ಪಾರಾದ. ಒಂದೇ ದಿನ, ಹನ್ನೊಂದು ಹಡಗು.

ಉಳಿದ ಒಂದು ಹಡಗಿನವರ ಪೈಕಿ ಎಲ್ಪೆನಾರ್ ಎಂಬ ಹುಡುಗ ಕುಡಿದು ಮಲಗಿದ್ದಾಗ ಸರ್ಸಿಯ ಮನೆಯ ಮಾಡಿನಿಂದ ಬಿದ್ದು ಸತ್ತ. ಸಿಲ್ಲಾ ಎಂಬ ಆರು ತಲೆಯ ಪಿಶಾಚಿ ಆರು ಜನರನ್ನು ಎತ್ತಿಕೊಂಡಿತು. ಆ ದಾರಿಯಲ್ಲಿ ಹೋದರೆ ಆರು ತಲೆ ಹೋಗುತ್ತದೆಂದು ಸರ್ಸಿ ಒಡಿಸ್ಯೂಸನಿಗೆ ಮೊದಲೇ ಹೇಳಿದ್ದಳು. ಅವನು ಜೊತೆಗಾರರಿಗೆ ಹೇಳಲಿಲ್ಲ. ಹೇಳಿದರೆ ಹೆದರಿ ಹುಟ್ಟು ಬಿಟ್ಟುಬಿಡುತ್ತಾರೆ ಅಂತ. ಇದನ್ನೂ ಅವನೇ ಹೇಳುತ್ತಾನೆ, ಯಾವ ಅಳುಕೂ ಇಲ್ಲದೆ. ಸಾಯುವ ಆರು ಮಂದಿ ಕೈಚಾಚಿ ಕೂಗಿದ್ದು ಅವನ ಹೆಸರನ್ನೇ.

ಕೊನೆಗೆ ಸೂರ್ಯದೇವನ ದ್ವೀಪ. ಗಾಳಿ ತಿರುಗದೆ ಒಂದು ತಿಂಗಳು ಅಲ್ಲೇ ಸಿಕ್ಕಿಬಿದ್ದರು. ತಂದ ಕಾಳು ಮುಗಿಯಿತು. ಮೀನು, ಹಕ್ಕಿ ಸಿಕ್ಕಷ್ಟು ತಿಂದರು. ಹೊಟ್ಟೆ ಬೆನ್ನಿಗೆ ಹತ್ತಿದಾಗ ದೇವರ ದನ ಕಡಿದರು. ದೇವರು ಸಿಡಿಲು ಹೊಡೆದು ಎಲ್ಲರನ್ನೂ ಮುಳುಗಿಸಿದ. ಒಡಿಸ್ಯೂಸ್ ಒಬ್ಬ ಉಳಿದ.

ಈಗ ಕಾವ್ಯದ ಪೀಠಿಕೆಗೆ ಬನ್ನಿ. ಮೊದಲ ಹತ್ತು ಸಾಲಿನೊಳಗೇ ತೀರ್ಪು ಕೊಟ್ಟು ಮುಗಿದಿದೆ: ನಾಯಕ ತನ್ನವರನ್ನು ಉಳಿಸಲು ಪ್ರಯತ್ನ ಪಟ್ಟ, ಅವರು ತಮ್ಮ ಮೂರ್ಖತನದಿಂದ, ಸೂರ್ಯನ ದನ ತಿಂದು ಸತ್ತರು. ನಮ್ಮ ಲೆಕ್ಕ ಬೇರೆ ಹೇಳುತ್ತದೆ. ಹನ್ನೆರಡು ಹಡಗಿನಲ್ಲಿ ಹನ್ನೊಂದು ಹಡಗಿನವರು ಆ ದನಗಳ ಮುಖವನ್ನೇ ನೋಡಿರಲಿಲ್ಲ. ಅವರು ಅದಕ್ಕೆ ಎಷ್ಟೋ ಮುಂಚೆ ಸತ್ತಿದ್ದರು. ಆದರೂ ಸತ್ತವರೆಲ್ಲರ ತಲೆಗೆ ಒಂದೇ ತಪ್ಪು ಕಟ್ಟಲಾಗಿದೆ. ಸತ್ತವನ ಮೇಲೆ ತಪ್ಪು ಹೊರಿಸಿ ಕಡತ ಮುಚ್ಚುವ ಪದ್ಧತಿ ಎಷ್ಟು ಹಳೆಯದು ನೋಡಿ.

*

ಅವರಲ್ಲಿ ಯಾರೂ ಮಾತಾಡಲಿಲ್ಲವೆ? ಮಾತಾಡಿದರು. ಯೂರಿಲೋಕಸ್ ಎಂಬವನು ಎರಡು ಸಲ ಬಾಯಿ ಬಿಟ್ಟ. ಸರ್ಸಿಯ ಮನೆಗೆ ಮತ್ತೆ ಹೋಗೋಣ ಅಂದಾಗ, ಗವಿಯಲ್ಲಿ ನಮ್ಮವರು ಸತ್ತದ್ದು ಇವನ ಹುಂಬತನದಿಂದ ಅಂತ ಎಲ್ಲರ ಮುಂದೆ ಹೇಳಿದ. ಒಡಿಸ್ಯೂಸನಿಗೆ ಅವನ ತಲೆ ಕಡಿಯಬೇಕು ಅನ್ನಿಸಿತು, ಹತ್ತಿರದ ನೆಂಟನಾದರೂ ಸರಿ. ಉಳಿದವರು ತಡೆದರು. ಎರಡನೆಯ ಸಲ ಸೂರ್ಯನ ದ್ವೀಪದ ಬಳಿ, ನೀನು ಕಬ್ಬಿಣದವನು, ನಿನಗೆ ದಣಿವಿಲ್ಲ, ನಮಗಿದೆ, ನೆಲಕ್ಕಿಳಿದು ಒಂದು ಹೊತ್ತು ಬೇಯಿಸಿಕೊಂಡು ತಿನ್ನಲು ಬಿಡು ಅಂದ. ಕಾವ್ಯ ಇವನನ್ನು ಕೇಡಿಗ ಎಂದು ಬರೆಯುತ್ತದೆ. ನಮಗೆ ಕೇಳಿಸುವುದು ದಣಿದ ಮೈಯ ಮಾತು. ಅವನು ಹೇಳಿದ್ದೆಲ್ಲ ಸರಿ ಅಂತ ನಾವು ವಾದಿಸುವುದಿಲ್ಲ. ದನ ಕಡಿಯಲು ಹುರಿದುಂಬಿಸಿದವನೂ ಅವನೇ. ಆದರೆ ಗವಿಯ ವಿಷಯದಲ್ಲಿ ಅವನು ಹೇಳಿದ್ದು ಸುಳ್ಳಲ್ಲ.

ಹೋಮರನದೇ ಎನ್ನುವ ಇನ್ನೊಂದು ಕಾವ್ಯ 'ಇಲಿಯಡ್'ನ ಎರಡನೆಯ ಸರ್ಗದಲ್ಲಿ ಇದೇ ಒಡಿಸ್ಯೂಸ್ ಇನ್ನೊಬ್ಬನ ಬಾಯಿ ಮುಚ್ಚಿಸುತ್ತಾನೆ. ಥರ್ಸೈಟೀಸ್ ಸಭೆಯಲ್ಲಿ ಎದ್ದು ಮಹಾರಾಜ ಅಗಮೆಮ್ನನ್‌ಗೆ, ನಿನ್ನ ಗುಡಾರದ ತುಂಬ ಕಂಚಿದೆ, ಹೆಂಗಸರಿದ್ದಾರೆ, ಇನ್ನೂ ಏನು ಬೇಕು, ನಾವು ಊರಿಗೆ ಹೋಗುತ್ತೇವೆ ಅಂದ. ಒಡಿಸ್ಯೂಸ್ ರಾಜದಂಡದಿಂದ ಅವನ ಬೆನ್ನಿಗೆ ಬಾಸುಂಡೆ ಬರುವ ಹಾಗೆ ಹೊಡೆದ. ಅವನು ಕಣ್ಣೀರು ಒರೆಸಿಕೊಂಡು ಕೂತ. ಸೈನಿಕರೆಲ್ಲ ನಕ್ಕರು. ಕವಿ ಅವನನ್ನು ಮೊದಲೇ ಕುಂಟ, ಗೂನ, ಚೂಪು ತಲೆಯವನು, ಟ್ರಾಯ್‌ಗೆ ಬಂದವರಲ್ಲೆಲ್ಲ ಕುರೂಪಿ ಎಂದು ಚಿತ್ರಿಸಿಟ್ಟಿದ್ದ. ಎದುರು ಮಾತಾಡುವವನ ಮಾತಿಗೆ ಉತ್ತರವಿಲ್ಲದಿದ್ದರೆ ಅವನ ಮೈಯನ್ನು ಆಡಿಕೊಳ್ಳುವುದು.

*

ಒಡಿಸ್ಯೂಸ್ ಇಥಾಕಾ ಮುಟ್ಟಿದಾಗ ಅವನಿಗೆ ಮೊದಲು ಅನ್ನ ಹಾಕಿದವನು ಹಂದಿ ಕಾಯುವ ಯೂಮೇಯಸ್. ಕವಿ ಇವನ ಕತೆ ಹೇಳುವಾಗ ಮತ್ತೆ ಮತ್ತೆ 'ನೀನು' ಎಂದು ಅವನನ್ನೇ ಕರೆದು ಮಾತಾಡಿಸುತ್ತಾನೆ. ಒಡಿಸ್ಸಿಯಲ್ಲಿ ಕವಿ ಹೀಗೆ ಮಾತಾಡಿಸುವುದು ಇವನೊಬ್ಬನನ್ನೇ. ಈ ಪ್ರೀತಿ ಸುಳ್ಳಲ್ಲ. ಒಬ್ಬ ಗುಲಾಮ ತನ್ನ ಬದುಕಿನ ಕತೆಯನ್ನು ತಾನೇ ಹೇಳಿಕೊಳ್ಳುವ ಇಷ್ಟು ದೀರ್ಘವಾದ ಪ್ರಸಂಗ ಅಷ್ಟು ಹಳೆಯ ಕಾವ್ಯದಲ್ಲಿರುವುದು ದೊಡ್ಡದೇ.

ಯೂಮೇಯಸ್ ಸಿರಿಯೆ ಎಂಬ ದ್ವೀಪದ ದೊರೆಯ ಮಗ. ಅವನನ್ನು ಎತ್ತಿ ಆಡಿಸುತ್ತಿದ್ದ ದಾದಿ ಸಿಡೋನ್ ಪಟ್ಟಣದವಳು, ಅವಳೂ ಒಬ್ಬ ಶ್ರೀಮಂತನ ಮಗಳು, ಹೊಲದಿಂದ ಬರುವಾಗ ಕಡಲುಗಳ್ಳರು ಹಿಡಿದು ತಂದು ಮಾರಿದವಳು. ತನ್ನ ನಾಡಿನ ಫಿನೀಷಿಯನ್ ವ್ಯಾಪಾರಿಗಳ ಹಡಗು ಬಂದಾಗ, ಊರಿಗೆ ಕರೆದೊಯ್ಯಿರಿ ಅಂತ ಅವರನ್ನು ಕೇಳಿಕೊಂಡಳು. ಹಡಗಿನ ಬಾಡಿಗೆಗೆ ಮೂರು ಬಟ್ಟಲು ಕದ್ದಳು, ಜೊತೆಗೆ ಈ ಕೂಸನ್ನು ತಂದಳು. ಏಳನೆಯ ದಿನ ಹಡಗಿನಲ್ಲೇ ಸತ್ತಳು. ಹೆಣವನ್ನು ಮೀನಿಗೆ ಎಸೆದರು. ಕೂಸನ್ನು ಇಥಾಕಾಕ್ಕೆ ತಂದು ಒಡಿಸ್ಯೂಸನ ತಂದೆ ಲೇಯರ್ಟೀಸನಿಗೆ ಮಾರಿದರು. ಆ ಹೆಣ್ಣಿನದೂ ಒಂದು ಮನೆಗೆ ಮರಳುವ ಪ್ರಯಾಣವೇ. ಅವಳ ಪ್ರಯಾಣಕ್ಕೆ ಮಹಾಕಾವ್ಯವಿಲ್ಲ.

ಈ ಯೂಮೇಯಸ್ ಒಂದು ಮಾತು ಹೇಳುತ್ತಾನೆ: ಮನುಷ್ಯ ಗುಲಾಮನಾದ ದಿನವೇ ದೇವರು ಅವನ ಯೋಗ್ಯತೆಯಲ್ಲಿ ಅರ್ಧವನ್ನು ಕಿತ್ತುಕೊಳ್ಳುತ್ತಾನೆ ಅಂತ. ಇದನ್ನು ಅವನು ಹೇಳುವುದು ಕೆಲಸಗಳ್ಳ ಗುಲಾಮರನ್ನು ಬೈಯುವಾಗ. ತನ್ನ ಬೆನ್ನಿನ ಗಾಯದ ಹೆಸರು ಹಿಡಿದು ಪಕ್ಕದವನನ್ನು ಬೈಯುವುದು ನಮಗೆ ಹೊಸದಲ್ಲ. ಇನ್ನೊಂದು ಸಂಗತಿ ಇದೆ. ಯೂಮೇಯಸ್ ತಾನೇ ಸ್ವಂತ ಗಂಟಿನಿಂದ ಮೆಸೌಲಿಯಸ್ ಎಂಬ ಗುಲಾಮನನ್ನು ಕೊಂಡಿದ್ದ. ಊಟಕ್ಕೆ ರೊಟ್ಟಿ ಹಂಚುವಾಗ ಅವನು ಬಂದು ಹೋಗುತ್ತಾನೆ, ಒಂದು ಮಾತೂ ಆಡುವುದಿಲ್ಲ. ಗುಲಾಮನ ಕೆಳಗೊಬ್ಬ ಗುಲಾಮ. ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ವ್ಯವಸ್ಥೆ ಹೇಗೆ ನಿಂತಿರುತ್ತದೆ ಅನ್ನುವುದಕ್ಕೆ ಆ ರೊಟ್ಟಿ ಹಂಚುವವನೇ ಸಾಕ್ಷಿ.

ಇಲ್ಲಿ ಒಂದು ಎಚ್ಚರ ಬೇಕು. ಗ್ರೀಕರ ಗುಲಾಮಗಿರಿಯೂ ನಮ್ಮ ಜಾತಿಯೂ ಒಂದೇ ಅಲ್ಲ. ಅಲ್ಲಿ ದೊರೆಯ ಮಗ ಒಂದು ಸಂಜೆಗೆ ಗುಲಾಮನಾಗುತ್ತಾನೆ. ಯುದ್ಧ ಸೋತ ಊರಿನ ಯಾರು ಬೇಕಾದರೂ ಆಗಬಹುದು, ಮತ್ತೆ ಬಿಡುಗಡೆಯೂ ಆಗಬಹುದು. ಇಲ್ಲಿ ಹುಟ್ಟೇ ತೀರ್ಪು. ಬಾಬಾಸಾಹೇಬರು ಗುಲಾಮಗಿರಿಯನ್ನೂ ಅಸ್ಪೃಶ್ಯತೆಯನ್ನೂ ಎದುರುಬದುರು ಇಟ್ಟು ತೂಗಿ, ಅಸ್ಪೃಶ್ಯತೆಯೇ ಹೆಚ್ಚು ಕೆಟ್ಟದ್ದು ಎಂದು ವಾದಿಸಿದ್ದು ಇದಕ್ಕೇ. ಆದರೆ ಹುಟ್ಟಿನ ವಿಚಾರ ಒಡಿಸ್ಸಿಯಲ್ಲೂ ಪೂರ್ತಿ ಇಲ್ಲದೆ ಇಲ್ಲ. ಒಳ್ಳೆಯ ಗುಲಾಮ ಯೂಮೇಯಸ್ ಮೂಲದಲ್ಲಿ ದೊರೆಯ ಮಗ. ನಂಬಿಕೆಯ ಮುದುಕಿ ಯೂರಿಕ್ಲಿಯಾಳಿಗೆ ಅಪ್ಪನ ಹೆಸರೂ ಅಜ್ಜನ ಹೆಸರೂ ಇದೆ. ಆಕೆಯನ್ನು ಲೇಯರ್ಟೀಸ್ ಇಪ್ಪತ್ತು ಎತ್ತಿನ ಬೆಲೆಗೆ ಕೊಂಡಿದ್ದ. ಆದರೆ ಕೆಟ್ಟವರೆಂದು ಹಣೆಪಟ್ಟಿ ಹೊತ್ತ ಮೆಲಾಂಥೋ, ಮೆಲಾಂಥಿಯಸ್ ಇಬ್ಬರೂ ದೋಲಿಯಸ್ ಎಂಬುವನ ಮಕ್ಕಳು. ದೋಲಿಯಸ್ ಎಂಬ ಹೆಸರು ಕಾವ್ಯದಲ್ಲಿ ಮನೆಯ ಆಳಿನದು. ಗುಣ ಇದ್ದರೆ ಅದು ದೊಡ್ಡ ಮನೆಯ ರಕ್ತದಿಂದಲೇ ಬಂದಿರಬೇಕು ಅನ್ನುವ ಅನುಮಾನ ಕವಿಯ ಮನಸ್ಸಿನಲ್ಲೂ ಇತ್ತೆಂದು ತೋರುತ್ತದೆ.

*

ಈಗ ಇಪ್ಪತ್ತೆರಡನೆಯ ಸರ್ಗ. ಪೆನೆಲೊಪಿಯನ್ನು ಮದುವೆಯಾಗಲು ಬಂದು ಮನೆ ತಿನ್ನುತ್ತಾ ಕೂತಿದ್ದ ಗಂಡಸರು ನೂರೆಂಟು ಮಂದಿ. ಒಡಿಸ್ಯೂಸ್, ಮಗ ಟೆಲಿಮಾಕಸ್, ಯೂಮೇಯಸ್, ದನ ಕಾಯುವ ಫಿಲೀಟಿಯಸ್, ಈ ನಾಲ್ವರು ಸೇರಿ ಅವರನ್ನು ಕೊಲ್ಲುತ್ತಾರೆ. ಬಾಗಿಲು ಹಾಕಿ ಕೊಂದ ಆ ಕೊಲೆಯ ನ್ಯಾಯಾನ್ಯಾಯ ಪಂಡಿತರು ಚರ್ಚಿಸಿದ್ದಾರೆ, ಚರ್ಚಿಸಲಿ. ನಾವು ಅದರ ಮುಂದಿನದನ್ನು ನೋಡೋಣ.

ಮನೆಯಲ್ಲಿ ಐವತ್ತು ಮಂದಿ ಹೆಣ್ಣಾಳುಗಳಿದ್ದಾರೆ. ಯೂರಿಕ್ಲಿಯಾ ಲೆಕ್ಕ ಒಪ್ಪಿಸುತ್ತಾಳೆ: ಅವರಲ್ಲಿ ಹನ್ನೆರಡು ಮಂದಿ ಆ ಗಂಡಸರ ಜೊತೆ ಮಲಗಿದವರು. ಒಡಿಸ್ಯೂಸ್ ಆ ಹನ್ನೆರಡು ಮಂದಿಯನ್ನು ಕರೆಸುತ್ತಾನೆ. ಅವರ ಕೈಯಲ್ಲೇ ಹೆಣ ಹೊರಿಸುತ್ತಾನೆ. ಅವರ ಕೈಯಲ್ಲೇ ಮೇಜು ಕುರ್ಚಿಯ ರಕ್ತ ಒರೆಸಿಸುತ್ತಾನೆ. ಕೆಲಸ ಪೂರ್ತಿ ಮುಗಿದ ಮೇಲೆ ಕತ್ತಿಯಿಂದ ಕೊಲ್ಲಿ ಅನ್ನುತ್ತಾನೆ. ಮಗ ಟೆಲಿಮಾಕಸ್, ಇವರಿಗೆ ಅಂಥ ಶುದ್ಧವಾದ ಸಾವು ಬೇಡ ಅಂತ, ಹಡಗಿನ ಹಗ್ಗ ತಂದು ಕಂಬಕ್ಕೆ ಕಟ್ಟಿ ಸಾಲಾಗಿ ನೇಣು ಹಾಕುತ್ತಾನೆ. ಗೂಡಿಗೆ ಮರಳುವ ಹಕ್ಕಿಗಳು ಬಲೆಗೆ ಬಿದ್ದ ಹಾಗೆ ಎಂದು ಕವಿ ಹೋಲಿಸುತ್ತಾನೆ. ಕಾಲುಗಳು ಸ್ವಲ್ಪ ಹೊತ್ತು ಒದ್ದಾಡಿದವು, ಹೆಚ್ಚು ಹೊತ್ತಲ್ಲ ಎಂದು ಬರೆಯುತ್ತಾನೆ. ಗೂಡಿಗೆ ಮರಳುವ ಹಕ್ಕಿ ಅನ್ನುವಾಗ ಆ ಕವಿಗೂ ಎಲ್ಲೋ ಚುಚ್ಚಿರಬೇಕು. ಆದರೆ ಅಲ್ಲಿಗೆ ನಿಲ್ಲಿಸಿಬಿಟ್ಟ.

ಅವರ ಮೇಲಿನ ಆಪಾದನೆ ಪೂರ್ತಿ ಹೇಳಿಬಿಡೋಣ, ಮುಚ್ಚಿಡುವುದು ಬೇಡ. ಪೆನೆಲೊಪಿ ಹಗಲು ನೇಯ್ದದ್ದನ್ನು ರಾತ್ರಿ ಬಿಚ್ಚುತ್ತಿದ್ದಾಳೆಂಬ ಗುಟ್ಟು ಹೊರಬಿದ್ದದ್ದು ಹೆಣ್ಣಾಳಿನಿಂದ. ಮೆಲಾಂಥೋ ಭಿಕ್ಷುಕನ ವೇಷದ ಒಡಿಸ್ಯೂಸನನ್ನು ಹೀನಾಯವಾಗಿ ಬೈದಳು. ಒಂದು ರಾತ್ರಿ ಅವರು ನಗುನಗುತ್ತ ಆ ಗಂಡಸರ ಬಳಿಗೆ ಹೋದರು. ಸರಿ. ಆದರೆ ಅದೇ ಇಪ್ಪತ್ತೆರಡನೆಯ ಸರ್ಗದ ಮೊದಲ ಭಾಗದಲ್ಲಿ, ಬಿಲ್ಲು ಹಿಡಿದು ನಿಂತ ಒಡಿಸ್ಯೂಸ್ ಆ ಗಂಡಸರ ಅಪರಾಧಗಳ ಪಟ್ಟಿ ಓದುವಾಗ ಏನು ಹೇಳುತ್ತಾನೆ? ನನ್ನ ಮನೆಯ ಹೆಣ್ಣಾಳುಗಳನ್ನು ಬಲಾತ್ಕಾರದಿಂದ ಮಲಗಿಸಿಕೊಂಡಿರಿ ಅನ್ನುತ್ತಾನೆ. ಬಲಾತ್ಕಾರ ಎಂಬ ಮಾತು ಅವನದೇ, ಅವನ ಬಾಯಿಂದಲೇ ಬಂದದ್ದು. ಬಲಾತ್ಕಾರ ಮಾಡಿದ್ದಕ್ಕೆ ಗಂಡಸರಿಗೆ ಬಾಣ, ಬಲಾತ್ಕಾರಕ್ಕೆ ಒಳಗಾದದ್ದಕ್ಕೆ ಹೆಂಗಸರಿಗೆ ನೇಣು. ಎರಡೂ ಸಲ ಅವನಿಗೆ ನೋವಾದದ್ದು ತನ್ನ ಸೊತ್ತು ಕೆಟ್ಟಿತಲ್ಲ ಎಂದು.

ಸತ್ತ ಗಂಡಸರ ಕಡೆಯವರು ಇಪ್ಪತ್ತನಾಲ್ಕನೆಯ ಸರ್ಗದಲ್ಲಿ ಆಯುಧ ಹಿಡಿದು ಬರುತ್ತಾರೆ. ಮಗ ಸತ್ತ, ಅಣ್ಣ ಸತ್ತ, ಲೆಕ್ಕ ಕೊಡು ಅನ್ನುತ್ತಾರೆ. ದೇವತೆ ಅಥೀನಾ ತಾನೇ ಇಳಿದು ಬಂದು ರಾಜಿ ಮಾಡಿಸಬೇಕಾಯಿತು. ಹನ್ನೆರಡು ಹೆಂಗಸರ ಲೆಕ್ಕ ಕೇಳಲು ಯಾರೂ ಬರಲಿಲ್ಲ. ಅದೇ ಸರ್ಗದಲ್ಲಿ ದೋಲಿಯಸ್ ಎಂಬ ಮುದುಕ ಆಳು ಗದ್ದೆ ಕೆಲಸದಿಂದ ಬಂದು, ಒಡೆಯನ ಕೈ ಹಿಡಿದು ಮುತ್ತಿಟ್ಟು, ತನ್ನ ಆರು ಗಂಡುಮಕ್ಕಳ ಜೊತೆ ಅವನ ಪರ ಆಯುಧ ಹಿಡಿಯುತ್ತಾನೆ. ಮೆಲಾಂಥೋಳ ಅಪ್ಪ ದೋಲಿಯಸ್ ಇವನೇನೋ, ಇಲ್ಲ ಹೆಸರು ಒಂದೇ ಇರುವ ಬೇರೆಯವನೋ, ಕಾವ್ಯ ಬಿಡಿಸಿ ಹೇಳುವುದಿಲ್ಲ. ಅವನೇ ಆಗಿದ್ದರೆ, ಆ ಮುತ್ತು ಕೊಡುವಾಗ ಅವನ ಮಕ್ಕಳಿಬ್ಬರ ಹೆಣ ಇನ್ನೂ ಮಣ್ಣಾಗಿರಲಿಲ್ಲ.

ಒಡಿಸ್ಯೂಸನಿಗೆ ಕಣ್ಣೀರು ಬರುವುದಿಲ್ಲ ಅಂತಲ್ಲ. ತಿಪ್ಪೆಯ ಮೇಲೆ ಉಣ್ಣೆಹುಳ ಕಚ್ಚಿಸಿಕೊಂಡು ಬಿದ್ದಿದ್ದ ತನ್ನ ಮುದಿ ನಾಯಿ ಆರ್ಗೋಸನನ್ನು ನೋಡಿ ಅವನು ಗುಟ್ಟಾಗಿ ಕಣ್ಣೊರೆಸಿಕೊಳ್ಳುತ್ತಾನೆ. ಓದಿದ ನಮಗೂ ಗಂಟಲು ಕಟ್ಟಿತು. ಆ ನಾಯಿಗೂ ಒಂದು ಹೆಸರಿದೆ.

*

ಕೊಲೆಯ ನಡುವೆ ಒಬ್ಬನಿಗೆ ಪ್ರಾಣಭಿಕ್ಷೆ ಸಿಗುತ್ತದೆ. ಅವನು ಹಾಡುಗಾರ ಫೀಮಿಯಸ್. ಆ ಗಂಡಸರ ಊಟದಲ್ಲಿ ದಿನವೂ ಹಾಡಿದವನು. ಒಡಿಸ್ಯೂಸನ ಮೊಣಕಾಲು ಹಿಡಿದು, ನಾನು ಮನಸಾರೆ ಹಾಡಲಿಲ್ಲ, ಅವರು ಬಲವಂತದಿಂದ ಹಾಡಿಸಿದರು ಅನ್ನುತ್ತಾನೆ. ಟೆಲಿಮಾಕಸ್ ಹೌದೆಂದು ಸಾಕ್ಷಿ ಹೇಳುತ್ತಾನೆ. ಬಿಟ್ಟುಬಿಡುತ್ತಾರೆ.

ಬಲವಂತದಿಂದ ಹಾಡಿದ ಕವಿಗೆ ಕ್ಷಮೆ. ಬಲವಂತದಿಂದ ಮಲಗಿದ ತೊತ್ತಿಗೆ ಹಗ್ಗ. ಬರೆಯುವ ನಾವು ಈ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡಬೇಕು. ಕವಿ ಉಳಿದದ್ದರಿಂದ ಕತೆ ಉಳಿಯಿತು. ಸರಿ, ಆದರೆ ಉಳಿದ ಕವಿ ಯಾರ ಕತೆ ಹಾಡಿದ?

ಈ ಕಾವ್ಯ ಹುಟ್ಟಿದ್ದು ಬರೆಯುವವರ ಕೈಯಲ್ಲಲ್ಲ. ಅಮೆರಿಕದ ಮಿಲ್ಮನ್ ಪಾರಿ ೧೯೩೩ರಿಂದ ೧೯೩೫ರವರೆಗೆ ಯುಗೊಸ್ಲಾವಿಯಾದ ಹಳ್ಳಿಗಳಲ್ಲಿ ಹಾಡುಗಾರರ ಹಾಡುಗಳನ್ನು ಮುದ್ರಿಸಿಕೊಂಡು, ಓದುಬರಹ ಬಾರದವರು ಸಾವಿರಾರು ಸಾಲಿನ ವೀರಗಾಥೆಯನ್ನು ಹಾಡುತ್ತಲೇ ಕಟ್ಟುತ್ತಾರೆ ಎಂದು ತೋರಿಸಿಕೊಟ್ಟ. ಹೋಮರನ ಕಾವ್ಯಗಳೂ ಅಂಥ ಪರಂಪರೆಯಿಂದಲೇ ಬಂದವು ಎಂಬುದು ಅಲ್ಲಿಂದ ಮುಂದೆ ಗಟ್ಟಿಯಾಯಿತು. ನೀಲಗಾರರೂ ಕಂಸಾಳೆಯವರೂ ಇಡೀ ರಾತ್ರಿ ಹಾಡುವುದನ್ನು ಕೇಳಿ ಬೆಳೆದವರಿಗೆ ಇದು ಆಶ್ಚರ್ಯವಲ್ಲ. ಹಾಡುವ ಬಾಯಿ ಬಡವನದಾಗಿರಬಹುದು. ಆದರೆ ಕೂತು ಕೇಳಿ ಮಾಂಸ ಕೊಡುವವನು ಒಡೆಯನಾದಾಗ ಹಾಡು ಅವನ ಕಡೆಗೆ ವಾಲುತ್ತದೆ. ಅಷ್ಟಾದರೂ ಬೀಸುವವಳು ಹಾಡಿನೊಳಗೆ ನುಗ್ಗಿಬಿಟ್ಟಿದ್ದಾಳೆ. ಯಾವನೋ ಒಬ್ಬ ಹಾಡುಗಾರ ಆ ಬೀಸುವ ಕೋಣೆಯ ಪಕ್ಕ ಮಲಗಿ ಆ ಸದ್ದು ಕೇಳಿದ್ದಿರಬೇಕು.

ಅವಳು ಕಲ್ಪನೆಯಲ್ಲ ಅನ್ನುವುದಕ್ಕೆ ಮಣ್ಣಿನ ಸಾಕ್ಷಿಯಿದೆ. ಟೆಲಿಮಾಕಸ್ ಅಪ್ಪನ ಸುದ್ದಿ ಕೇಳಲು ಹೋದ ಪೈಲಾಸ್ ಎಂಬ ಊರಿದೆಯಲ್ಲ, ಅಲ್ಲಿನ ಅರಮನೆಯ ಅವಶೇಷದಲ್ಲಿ ೧೯೩೯ರಲ್ಲಿ ಕಾರ್ಲ್ ಬ್ಲೆಗೆನ್ ನೂರಾರು ಜೇಡಿಮಣ್ಣಿನ ಹಲಗೆಗಳನ್ನು ಅಗೆದು ತೆಗೆದ. ಅದರ ಲಿಪಿಯನ್ನು ೧೯೫೨ರಲ್ಲಿ ಮೈಕೆಲ್ ವೆಂಟ್ರಿಸ್ ಎಂಬ ಇಂಗ್ಲೆಂಡಿನ ವಾಸ್ತುಶಿಲ್ಪಿ ಬಿಡಿಸಿ ಓದಿದ. ಭಾಷೆ ಗ್ರೀಕ್. ಕಾಲ ಸುಮಾರು ಕ್ರಿ. ಪೂ. ೧೨೦೦. ಕಾವ್ಯ ಇರುತ್ತದೆಂದು ಆಸೆಪಟ್ಟವರಿಗೆ ಸಿಕ್ಕಿದ್ದು ಲೆಕ್ಕದ ಪುಸ್ತಕ. ಅದರಲ್ಲಿ ಹೆಂಗಸರ ಗುಂಪುಗಳಿವೆ: ಹಿಟ್ಟು ಬೀಸುವವರು, ನೂಲುವವರು, ಸ್ನಾನಕ್ಕೆ ನೀರು ಹಾಕುವವರು. ಇಷ್ಟು ಹೆಂಗಸರು, ಇಷ್ಟು ಹುಡುಗಿಯರು, ಇಷ್ಟು ಹುಡುಗರು. ಪಡಿ ಗೋಧಿ ಇಷ್ಟು, ಅಂಜೂರ ಇಷ್ಟು. ಕೆಲವು ಗುಂಪುಗಳನ್ನು ಮಿಲೆಟಸ್, ಲೆಮ್ನೋಸ್, ನಿಡೋಸ್ ಎಂದು ಊರಿನ ಹೆಸರಿನಿಂದ ಕರೆದಿದೆ. ಎಲ್ಲ ಕಡಲಾಚೆಯ ಊರುಗಳು. ಆ ಗುಂಪುಗಳ ಪಟ್ಟಿಯಲ್ಲಿ ಯಾವ ಹೆಂಗಸಿನ ಹೆಸರೂ ಇಲ್ಲ. ಅರಮನೆಗೆ ಬೆಂಕಿ ಬಿದ್ದು ಹಸಿ ಮಣ್ಣು ಸುಟ್ಟು ಗಟ್ಟಿಯಾದದ್ದರಿಂದ ಮಾತ್ರ ಈ ಲೆಕ್ಕ ಉಳಿಯಿತು. ದೊರೆಯ ಮನೆ ಉರಿಯದಿದ್ದರೆ ಬೀಸುವವರ ಲೆಕ್ಕ ನಮಗೆ ಸಿಗುತ್ತಿರಲಿಲ್ಲ.

ಅರಮನೆ ಸುಟ್ಟು ಸುಮಾರು ಐನೂರು ವರ್ಷದ ಮೇಲೆ ಒಡಿಸ್ಸಿ. ಅಷ್ಟರಲ್ಲಿ ಆ ಲಿಪಿ ಮರೆತುಹೋಗಿತ್ತು, ಅರಮನೆಗಳು ಹುಲ್ಲು ಬೆಳೆದು ದಿಬ್ಬವಾಗಿದ್ದವು. ಬೀಸುವ ಹೆಂಗಸು ಮಾತ್ರ ಇದ್ದ ಕಡೆಯೇ ಇದ್ದಳು. ಆ ಕಾಲದ ಕಲ್ಲು ನಾವು ಕಂಡ, ಗೂಟ ಹಿಡಿದು ಸುತ್ತಿಸುವ ಕಲ್ಲೂ ಅಲ್ಲ. ಕೆಳಗೊಂದು ಉದ್ದನೆಯ ಚಪ್ಪಡಿ, ಮೇಲೊಂದು ಕಲ್ಲು. ಮೊಣಕಾಲೂರಿ, ಮೈಭಾರವೆಲ್ಲ ಹಾಕಿ ಹಿಂದಕ್ಕೂ ಮುಂದಕ್ಕೂ ತಳ್ಳಬೇಕು. ಖಾರ ಅರೆಯುವ ಕಲ್ಲಿನ ಅಣ್ಣ ಅನ್ನಿ. ಮೊಣಕಾಲು ಬಿದ್ದುಹೋಯಿತು ಅಂತ ಆಕೆ ಅಂದದ್ದು ಅಲಂಕಾರಕ್ಕಲ್ಲ.

ಇನ್ನು ಮಾತಿನ ಮೋಸ. ಮೂಲದಲ್ಲಿ ಇವರನ್ನು ಕರೆಯುವ ಪದಗಳ ಅರ್ಥ ಗುಲಾಮರು ಅಂತಲೇ. ಎಷ್ಟೋ ಇಂಗ್ಲಿಷ್ ಅನುವಾದಗಳು ಅದನ್ನು ಸೇವಕಿ, ಪರಿಚಾರಿಕೆ ಎಂದು ನಯ ಮಾಡಿದವು. ಆದರೆ ನೇಣಿನ ಪ್ರಸಂಗ ಬಂದಾಗ, ಮೂಲದಲ್ಲಿ ಬರೀ 'ಆ ಹೆಂಗಸರು' ಅನ್ನುವಷ್ಟೇ ಇರುವಲ್ಲಿ ಕೆಲವರು ಸೂಳೆಯರು ಎಂಬ ಬೈಗುಳ ತುರುಕಿದರು. ಕೆಲಸ ಮಾಡುವಾಗ ಪರಿಚಾರಿಕೆ, ಸಾಯುವಾಗ ಸೂಳೆ. ಇಡೀ ಒಡಿಸ್ಸಿಯನ್ನು ಇಂಗ್ಲಿಷಿಗೆ ತಂದು ಪ್ರಕಟಿಸಿದ ಮೊದಲ ಹೆಂಗಸು ಎಮಿಲಿ ವಿಲ್ಸನ್. ಅವರು ೨೦೧೭ರ ತಮ್ಮ ಅನುವಾದದಲ್ಲಿ ಗುಲಾಮರನ್ನು ಗುಲಾಮರೆಂದೇ ಕರೆದರು. ಅದಕ್ಕೂ ಮುಂಚೆ ೨೦೦೫ರಲ್ಲಿ ಕೆನಡಾದ ಮಾರ್ಗರೆಟ್ ಅಟ್‌ವುಡ್ ನೇಣಿಗೆ ಬಿದ್ದ ಹನ್ನೆರಡು ಮಂದಿಗೆ ಬಾಯಿ ಕೊಟ್ಟು 'ಪೆನೆಲೊಪಿಯಾಡ್' ಬರೆದರು. ಕನ್ನಡದಲ್ಲಿ ಬರೆಯುವಾಗ ನಾವು ಯಾವ ಪದ ಬಳಸಬೇಕು? ಪರಿಚಾರಿಕೆ ಬೇಡ. ನಮ್ಮಲ್ಲಿ 'ತೊತ್ತು' ಎಂಬ ಪದವಿದೆ. ಅದು ಬೈಗುಳವಾಗಿ ಇವತ್ತಿಗೂ ಬೀದಿಯಲ್ಲಿ ಬದುಕಿದೆ. ಯಾರನ್ನು ಬೈಯಲು ಯಾರ ತಾಯಿಯ ಹೆಸರು ಬೇಕಾಯಿತು ಅನ್ನುವುದನ್ನು ಆ ಒಂದು ಪದವೇ ಹೇಳುತ್ತದೆ.

*

ಬೀಸುವವಳ ಬೇಡಿಕೆ ಈಡೇರಿತು. ಅವತ್ತಿನದೇ ಆ ಗಂಡಸರ ಕೊನೆಯ ಊಟವಾಯಿತು. ಆಮೇಲೆ?

ಮಾರನೆಯ ದಿನ ಒಡಿಸ್ಯೂಸನ ಮನೆಯವರು ಉಣ್ಣಬೇಕು. ಹಿಟ್ಟು ಬೇಕು. ಹೆಣ್ಣಾಳುಗಳು ಐವತ್ತರಲ್ಲಿ ಮೂವತ್ತೆಂಟಕ್ಕೆ ಇಳಿದಿದ್ದಾರೆ. ಅಂದರೆ ಉಳಿದವರ ಪಾಲಿನ ಕೆಲಸ ಹೆಚ್ಚಾಗಿದೆ. ತಿಂದು ಹಾಳು ಮಾಡಿದ ಕುರಿದನಗಳನ್ನು ಮತ್ತೆ ಹೇಗೆ ತುಂಬಿಸುತ್ತೀ ಅಂದರೆ, ಎಷ್ಟೋ ಪಾಲನ್ನು ತಾನೇ ಲೂಟಿ ಹೊಡೆದು ತರುತ್ತೇನೆ ಎಂದು ಒಡಿಸ್ಯೂಸ್ ಪೆನೆಲೊಪಿಗೆ ಹೇಳುತ್ತಾನೆ. ಇಸ್ಮಾರಸ್ ಲೂಟಿಯಲ್ಲಿ ದನದ ಜೊತೆ ಏನೇನು ಬಂತು ಅಂತ ನಮಗೆ ಗೊತ್ತು. ಬೀಸುವವಳು ತನ್ನ ಮೊಣಕಾಲು ಮುರಿದವರ ಸಾವು ಬೇಡಿದಳು, ಸಿಕ್ಕಿತು. ಕಲ್ಲಿನಿಂದ ಬಿಡುಗಡೆ ಬೇಡಲಿಲ್ಲ. ಅಂಥದ್ದೊಂದು ಬೇಡಿಕೆ ಇರಬಹುದೆಂದು ಆ ಕಾವ್ಯಕ್ಕೆ ಗೊತ್ತಿರಲಿಲ್ಲ. ಕೆಟ್ಟ ಒಡೆಯ ಹೋಗಿ ಒಳ್ಳೆಯ ಒಡೆಯ ಬಂದದ್ದೇ ಅದರ ಪಾಲಿಗೆ ಸುಖಾಂತ. ಈ ಮಾತನ್ನು ನಾವು ಗ್ರೀಕರಿಗೆ ಮಾತ್ರ ಹೇಳುತ್ತಿಲ್ಲ.

ಹಾಗಾದರೆ ಒಡಿಸ್ಸಿಯನ್ನು ಎಸೆಯಬೇಕೆ? ಬೇಡ. ಎಸೆದರೆ ಬೀಸುವವಳೂ ಹೋಗುತ್ತಾಳೆ, ಯೂಮೇಯಸನೂ ಹೋಗುತ್ತಾನೆ. ಒಡೆಯರ ಮನೆಯ ಕಾವ್ಯದೊಳಗೆ ನಮ್ಮವರು ಎಲ್ಲಿ ಕೂತಿದ್ದಾರೆ ಅಂತ ಹುಡುಕಿ ತೆಗೆಯುವುದು ಓದು ಕಲಿತವರ ಕೆಲಸ.

ಹಳ್ಳಿ ಶಾಲೆಯಲ್ಲಿ ಪಾಠ ಹೇಳುವ ಗೆಳೆಯರಲ್ಲಿ ಒಂದು ಕೋರಿಕೆ. ಒಕ್ಕಣ್ಣಿನ ರಾಕ್ಷಸನ ಕತೆ ಮಕ್ಕಳಿಗೆ ಹೇಳಿ, ಅವರಿಗೆ ಇಷ್ಟವಾಗುತ್ತದೆ. ಹೇಳುವ ಮೊದಲು ಬೋರ್ಡಿನ ಮೇಲೆ ಹನ್ನೆರಡು ಹಡಗು ಬರೆಯಿರಿ. ಕತೆ ಸಾಗಿದಂತೆ ಒಂದೊಂದನ್ನೇ ಅಳಿಸುತ್ತ ಹೋಗಿ. ಕೊನೆಗೆ ಒಬ್ಬ ಉಳಿದಾಗ, ಉಳಿದವರ ಮನೆಗೆ ಸುದ್ದಿ ಯಾರು ಹೇಳಿದರು ಅಂತ ಮಕ್ಕಳನ್ನೇ ಕೇಳಿ.

ಮಾಡಿನಿಂದ ಬಿದ್ದು ಸತ್ತ ಎಲ್ಪೆನಾರ್ ಇದ್ದನಲ್ಲ, ಅವನು ಪಾತಾಳದಲ್ಲಿ ಒಡಿಸ್ಯೂಸನಿಗೆ ಸಿಕ್ಕಿದಾಗ ಬೇಡಿದ್ದು ಇಷ್ಟೇ: ನನ್ನನ್ನು ಸುಟ್ಟು, ಕಡಲ ದಂಡೆಯಲ್ಲಿ ಒಂದು ಗುಡ್ಡೆ ಮಾಡಿ, ಬದುಕಿದ್ದಾಗ ಗೆಳೆಯರ ಜೊತೆ ನಾನು ಹಾಕುತ್ತಿದ್ದ ಹುಟ್ಟನ್ನು ಅದರ ಮೇಲೆ ನೆಡು. ಒಡಿಸ್ಯೂಸ್ ಹಿಂದಿರುಗಿ ಹೋಗಿ ಅದನ್ನು ನಡೆಸಿಕೊಟ್ಟ. ಐನೂರು ಜನರಲ್ಲಿ ಗುರುತಿನ ಕಂಬ ಸಿಕ್ಕಿದ್ದು ಆ ಒಬ್ಬನಿಗೆ. ಉಳಿದವರ ಹುಟ್ಟುಗಳನ್ನು ನೆಡುವ ಕೆಲಸ ಬಾಕಿಯಿದೆ.